ಆಕಿ ಏನಂದ್ಲು?

ಓದಬೇಕು. ಅರ್ಥ ಹೇಳಬಾರದು. ಗೌಡರು ಹಾಕಿದ ಷರತ್ತು ಇಷ್ಟೇ ಇತ್ತು.

ನಾನು ಅವರ ಅಂಗಳದಲ್ಲಿ ನಿಂತಿದ್ದೆ. ನನ್ನ ಹಿಂದೆ ಅವ್ವ ನಿಂತಿದ್ದಳು. ಅಡಿವೆಪ್ಪಗೌಡರು ಪಡಸಾಲೆಯ ಕುರ್ಚಿಯ ಮೇಲೆ ಕುಳಿತಿದ್ದರು. ನಮ್ಮೂರು ಹಿರೇಗುದ್ದಿ ಸವದತ್ತಿ ತಾಲೂಕಿನದು, ಹೂಲಿಯಿಂದ ಏಳು ಕಿಲೋಮೀಟರು. ಊರ ಕಲ್ಮೇಶ್ವರ ಗುಡಿಯ ಕಮಿಟಿಗೆ ಗೌಡರೇ ಅಧ್ಯಕ್ಷರು.

"ರಾಚಯ್ಯಜ್ಜನ ಗಂಟಲಾ ಆಪರೇಶನ್ ಆಗೈತಿ. ದನಿ ಹೋಗೇತಿ. ಶ್ರಾವಣಕ್ಕ ಇನ್ನ ಎಂಟ ದಿನಾ. ಪುರಾಣ ನಿಲ್ಲಸಾಕ ಬರಂಗಿಲ್ಲ. ಓದಾಕ ಊರಾಗ ಯಾರಿಗೂ ಬರಂಗಿಲ್ಲ. ನಿನಗ ಬರತೈತಿ ಅಂತ ಅಜ್ಜ ಚೀಟಿ ಬರದ ಕೊಟ್ಟಾನ" ಎಂದರು.

ನನಗೆ ಬರುತ್ತಿತ್ತು. ಪ್ರತಿ ಶ್ರಾವಣದಲ್ಲಿ ಒಂದು ತಿಂಗಳು ನಮ್ಮೂರ ಗುಡಿಯಲ್ಲಿ ಕಲ್ಮೇಶ್ವರನ ಪುರಾಣ ಓದುತ್ತಾರೆ. ಹಳೆಯ ಷಟ್ಪದಿ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಆಮೇಲೆ ಪ್ರಸಾದ. ಆ ಊಟದ ಎಲೆ ಎತ್ತುವುದು ನಮ್ಮ ಕೇರಿಯ ಹೆಂಗಸರ ಪಾಳಿ. ನಾನು ಸಣ್ಣವಳಿದ್ದಾಗ ಅವ್ವನ ಜೊತೆ ಹೋಗಿ ತಿಪ್ಪೆಯ ಪಕ್ಕದ ಗೋಡೆಗೆ ಒರಗಿ ಕೂರುತ್ತಿದ್ದೆ. ಧ್ವನಿವರ್ಧಕದ ಭೋಂಗಾ ನಮ್ಮ ಕಡೆಗೇ ಮುಖ ಮಾಡಿರುತ್ತಿತ್ತು. ಮೂರು ನಾಲ್ಕು, ಮೂರು ನಾಲ್ಕು ಎಂದು ಆ ಮಾತ್ರೆಗಳು ಕಿವಿಯಿಂದ ಮೈಗಿಳಿದವು. ಅಕ್ಷರ ಬರುವ ಮೊದಲೇ ನನಗೆ ಪದ್ಯ ಬಂದಿತ್ತು. ಆ ಮೇಲೆ ಧಾರವಾಡಕ್ಕೆ ಹೋಗಿ ಕನ್ನಡ ಎಂ.ಎ. ಮಾಡಿದೆ. ಈಗ ಸವದತ್ತಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ.

"ಓದ್ತೇನ್ರಿ" ಎಂದೆ.

"ಓದು ಅಷ್ಟ. ಅರ್ಥಾ ಹೇಳಾಕ ರಾಮದುರ್ಗದ ಶಾಸ್ತ್ರಿಗಳು ಬರತಾರ. ನೀ ನಡಕ ಬಾಯಿ ಹಾಕಬಾರ್ದು. ಈ ವರ್ಷ ಬೈಲಹೊಂಗಲ, ಕಿತ್ತೂರ ಕಡಿಂದ ದೊಡ್ಡ ಮಂದಿ ಬರಾವರದಾರ. ಕೇರಿ ಹುಡಿಗಿ ಪುರಾಣ ಓದತಾಳ ಅಂದ್ರ ಊರಿಗೂ ಹೆಸರು. ಪೇಪರಿನ್ಯಾಗೂ ಬರತೈತಿ."

ಅವ್ವ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಬೇಡ ಎಂದು. ನಾನು ತಿರುಗಿ ನೋಡಲಿಲ್ಲ.

ಮನೆಗೆ ಬಂದಮೇಲೆ ಅವ್ವ ಜಗಳ ತೆಗೆದಳು. ಅವಳ ಹೆಸರು ಲಗಮವ್ವ. ನಮ್ಮ ಅಪ್ಪ ನೀಲಪ್ಪ ನವಿಲುತೀರ್ಥದ ಡ್ಯಾಮಿನಲ್ಲಿ ಕೂಲಿ ಮಾಡುತ್ತಿದ್ದ. ಅಲ್ಲಿ ಯಾರದೋ ಮಾತು ಕೇಳಿ ಬೌದ್ಧನಾದ. ನನಗೆ ಪ್ರಜ್ಞಾ ಎಂದು ಹೆಸರಿಟ್ಟ. ಗೋಡೆಗೆ ಬುದ್ಧನ ಫೋಟೋ ಹಾಕಿದ. ಕಲ್ಮೇಶ್ವರನಿಗೂ ನಮಗೂ ಸಂಬಂಧವಿಲ್ಲ ಎಂದ. ಅವನು ಸತ್ತು ಒಂಬತ್ತು ವರ್ಷ. ಸಂಬಂಧ ಮಾತ್ರ ಹರಿಯಲಿಲ್ಲ. ಪಾಳಿ ತಪ್ಪಿಸಿದರೆ ಕೇರಿಯ ನಳಕ್ಕೆ ನೀರು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅವ್ವ ಎಲೆ ಎತ್ತುತ್ತಿದ್ದಳು.

"ನಿಮ್ಮಪ್ಪ ಇದ್ದಿದ್ರ ನಿನ್ನ ಹೋಗಗೊಡ್ತಿದ್ದಿಲ್ಲ" ಎಂದಳು.

"ನೀ ಎಲಿ ಎತ್ತಾಕ ಹೋಗ್ತಿ. ನಾ ಓದಾಕ ಹೋದ್ರ ಏನಾತು?"

"ಎಲಿ ಎತ್ತೋದ್ರಾಗ ಮೋಸ ಇಲ್ಲ. ಎಂಜಲಾ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಇದ್ರಾಗ ಏನೈತೋ ಯಾಂವ ಬಲ್ಲ."

ನನಗೆ ಸಿಟ್ಟು ಬಂತು. ಸಿಟ್ಟಿನ ಒಳಗೆ ಆಸೆಯೂ ಇತ್ತು. ಇಪ್ಪತ್ತು ವರ್ಷ ಗೋಡೆಯ ಆಚೆಯಿಂದ ಕೇಳಿದ್ದನ್ನು ಗೋಡೆಯ ಈಚೆ ಕುಳಿತು ಓದಬೇಕಿತ್ತು. ಅದನ್ನು ಅವ್ವನಿಗೆ ಹೇಳಲಿಲ್ಲ.

ಶ್ರಾವಣದ ಮೊದಲ ದಿನ ಸಂಜೆ ನಾಲ್ಕಕ್ಕೆ ಹೋದೆ. ಗುಡಿಯ ಮುಂದಿನ ಮಂಟಪದಲ್ಲಿ ಎತ್ತರದ ಕಟ್ಟೆ. ಕಟ್ಟೆಯ ಮೇಲೆ ಶಾಸ್ತ್ರಿಗಳ ಗಾದಿ. ಗಾದಿಯ ಪಕ್ಕ ಮರದ ಪೀಠ. ಪೀಠದ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಹಳೆಯ ಪ್ರತಿ. ಅದಕ್ಕೆ ಹೂವಿನ ಹಾರ. ನನಗೆ ಕಟ್ಟೆಯ ಕೆಳಗೆ, ಮಂಟಪದ ಹೊರಗೆ ಒಂದು ಚಾಪೆ ಹಾಸಿದ್ದರು. ಮುಂದೆ ಬೇರೆ ಮೈಕು. ಚಾಪೆಯ ಮೇಲೆ ಝೆರಾಕ್ಸ್ ಹಾಳೆಗಳ ಒಂದು ಕಟ್ಟು.

"ಮೂಲ ಪ್ರತಿ ಭಾಳ ಜೀರ್ಣ ಆಗೈತಿ. ಮುಟ್ಟಿದ್ರ ಹರೀತೈತಿ" ಎಂದರು ಗೌಡರು.

ಹೋದ ವರ್ಷದವರೆಗೆ ರಾಚಯ್ಯಜ್ಜ ಅದನ್ನೇ ಮುಟ್ಟಿ ಓದುತ್ತಿದ್ದ. ಹರಿದಿರಲಿಲ್ಲ. ಗೌಡರ ಮೊಮ್ಮಗಳು ಅದರ ಮೇಲಿನ ಹಾರ ಸರಿ ಮಾಡುತ್ತಿದ್ದಳು. ಆಗಲೂ ಹರಿಯಲಿಲ್ಲ.

ಅಜ್ಜ ಕಂಬಕ್ಕೆ ಒರಗಿ ಕುಳಿತಿದ್ದ. ಕತ್ತಿಗೆ ಬಿಳಿ ಪಟ್ಟಿ. ನನ್ನನ್ನು ನೋಡಿ ತಲೆ ತಗ್ಗಿಸಿದ.

ನಾನು ಝೆರಾಕ್ಸ್ ನೋಡಿ ಓದಿದೆ. ದನಿ ಏರಿಸಿ ಓದಿದೆ. ಮಂದಿ ಸುಮ್ಮನೆ ಕೇಳಿದರು. ಮೈಕಿನ ಯಂತ್ರದ ಹತ್ತಿರ ಕುಳಿತಿದ್ದ ಹಸನಸಾಬ ಕಾಕಾ ತಲೆದೂಗಿದ. ಅವನದು ಮೈಕ್‌ಸೆಟ್ ಬಾಡಿಗೆಯ ಧಂದೆ. ಸುತ್ತ ಹತ್ತು ಹಳ್ಳಿಯ ಮದುವೆಗೆ, ಉರುಸಿಗೆ, ಪುರಾಣಕ್ಕೆ ಅವನೇ ಬರಬೇಕು. ಮುಗಿದ ಮೇಲೆ ಹತ್ತಿರ ಬಂದು ಹೇಳಿದ: "ತಂಗಿ, ನಲವತ್ತ ವರ್ಷ ಆತು ಈ ಪುರಾಣಕ್ಕ ಮೈಕ್ ಹಚ್ಚಾಕತ್ತ. ಇವತ್ತ ಭೋಂಗಾಕ್ಕೂ ಜೀವ ಬಂತು ನೋಡವಾ."

ನಾನು ಹೊರಗೆ ಬಂದಾಗ ಅವ್ವ ಎಲೆ ಎತ್ತುತ್ತಿದ್ದಳು. ಮುನ್ನೂರು ಎಲೆ. ಬಗ್ಗಿ ಒಂದೊಂದನ್ನೇ ಮಡಚಿ ಬುಟ್ಟಿಗೆ ಹಾಕಬೇಕು. ಸಾರು ಮೊಣಕೈವರೆಗೆ ಹರಿಯುತ್ತದೆ. ಬುಟ್ಟಿ ತುಂಬಿದರೆ ತಲೆಯ ಮೇಲೆ. ತಿಪ್ಪೆಯ ತನಕ ಹೋಗುವಷ್ಟರಲ್ಲಿ ಹಣೆಯ ಮೇಲೆ, ಕಣ್ಣಿನ ಮೇಲೆ ಸಾರು ಇಳಿಯುತ್ತದೆ. ಕೈ ಎರಡೂ ಬುಟ್ಟಿಗೆ ಇರುವುದರಿಂದ ಒರೆಸಿಕೊಳ್ಳಲು ಬರುವುದಿಲ್ಲ. ಆಮೇಲೆ ಬ್ಲೀಚಿಂಗ್ ಪುಡಿ ಹಾಕಿ ನೆಲ ತೊಳೆಯಬೇಕು. ಅವಳ ಬೆರಳ ಸಂದುಗಳು ಒಡೆದು ಒಳಗಿನ ಕೆಂಪು ಕಾಣುತ್ತಿತ್ತು.

ನಾನು ಬಗ್ಗಿ ಒಂದು ಎಲೆಗೆ ಕೈ ಹಾಕಿದೆ. ಅವ್ವ ನನ್ನ ಕೈ ಮೇಲೆ ಹೊಡೆದಳು.

"ನೀ ಓದಾಕ ಬಂದೀದಿ. ಓದು, ಹೋಗು."

ಹನ್ನೊಂದನೆಯ ದಿನ ನೀರು ಕೊಟ್ಟವಳ ಅಧ್ಯಾಯ ಓದಬೇಕಿತ್ತು. ನಮ್ಮೂರ ಗುಡಿಯ ಹೊಸ್ತಿಲ ಕಥೆ ಅದು. ಅದನ್ನು ಕೇಳಲೆಂದೇ ಹೊರಊರಿನವರು ಬರುತ್ತಾರೆ. ಹಿಂದಿನ ದಿನ ಮನೆಯಲ್ಲಿ ಕುಳಿತು ದನಿ ಕೂಡಿಸಿಕೊಳ್ಳುತ್ತಿದ್ದೆ. ಅವ್ವ ಎದುರಿಗೆ ಕುಳಿತು ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

ಬಾಯಿ ಬತ್ತಿದ ಮುನಿಗೆ ನೀರನು
ಈಯೆ ಕುಡಿದನು ಕುಡಿದು ಕೇಳಿದ
ತಾಯೆ ನಿನ್ನಯ ಕುಲವದಾವುದು ಪೇಳು ಪೇಳೆನುತ
ಕಾಯ ಕಲ್ಲಾಗಿರಲಿ ಬಾಗಿಲ
ಬಾಯ ಮುಂದಿರು ಭಕ್ತರಡಿಯಲಿ
ಮಾಯಲೀ ಜನ್ಮದಲಿ ಬಂದಘವೆಂದನಾ ಮುನಿಪ

"ಇನ್ನೊಮ್ಮೆ ಅನ್ನು" ಎಂದಳು ಅವ್ವ.

ಅಂದೆ.

"ಬಾಯಿ ಒಣಗಿದ ಮುನಿಗೆ ಆಕಿ ನೀರ ಕೊಟ್ಲು. ಅಂವ ಕುಡಿದ. ಕುಡದ ಮ್ಯಾಲೆ, ತಾಯಿ, ನಿನ್ನ ಕುಲಾ ಯಾವುದು ಅಂದ. ಹೌದಿಲ್ಲೊ?"

"ಹೌದು."

"ಆಕಿ ಏನಂದ್ಲು?"

ನಾನು ಹಾಳೆ ನೋಡಿದೆ. ಮೂರನೆಯ ಸಾಲಿನಲ್ಲಿ ಮುನಿ ಕೇಳುತ್ತಾನೆ. ನಾಲ್ಕನೆಯ ಸಾಲಿನಲ್ಲಿ ನಿನ್ನ ದೇಹ ಕಲ್ಲಾಗಲಿ ಎನ್ನುತ್ತಾನೆ. ನಡುವೆ ಏನೂ ಇಲ್ಲ. ಈ ಪದ್ಯವನ್ನು ನಾನು ನೂರು ಸಲ ಹೇಳಿದ್ದೆ. ಇದರ ಪ್ರಾಸದ ಬಗ್ಗೆ ಎಂ.ಎ. ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ.

"ಆಕಿ ಹೇಳಿದ್ಲು ಅಂತ ನಾವ ತಿಳ್ಕೋಬೇಕವ್ವಾ. ಕಾವ್ಯದಾಗ ಎಲ್ಲಾ ಬಿಡಿಸಿ ಹೇಳಂಗಿಲ್ಲ."

"ಅಂವ ಕೇಳಿದ್ದು ಬರದಾರ. ಅಂವ ಬೈದದ್ದು ಬರದಾರ. ಆಕಿ ಮಾತ ಅಷ್ಟ ನಾವ ತಿಳ್ಕೋಬೇಕನು?"

ಅವ್ವ ಅಷ್ಟಕ್ಕೇ ಬಿಡಲಿಲ್ಲ.

"ಆಕಿ ನೀರ ಎಲ್ಲಿಂದ ತಂದಿದ್ಲು?"

"ಬರದಿಲ್ಲ."

"ಊರ ಬಾವ್ಯಾಗ ಆಕಿಗೆ ಸೇದಗೊಡ್ತಿದ್ರೇನು? ಹಳ್ಳದಿಂದ ತಂದಿರಬೇಕು. ಬಿಸಲಾಗ ಕೊಡಾ ಹೊತ್ಗೊಂಡು. ಮನ್ಯಾಗ ಹುಡುಗ್ರು ಬಾಯಿ ಬಿಟ್ಗೊಂಡ ಕುಂತಿರಬೇಕು. ಆ ನೀರ ತಗದ ಅಂವಗ ಕೊಟ್ಟಾಳ. ಕುಲಾ ತಿಳದದ್ದ ತಡ, ಕಲ್ಲಾಗು ಅಂದ. ಮತ್ತ ಆ ಅಘ ಅಂದ್ರ ಏನು?"

"ಪಾಪ."

"ಯಾರ ಪಾಪ?"

ಮತ್ತೆ ಹಾಳೆ ನೋಡಿದೆ. 'ಈ ಜನ್ಮದಲ್ಲಿ ಬಂದ ಅಘ ಮಾಯಲಿ' ಎಂದಿದೆ. ಯಾರ ಅಘ ಎಂದು ಇಲ್ಲ. ನಿನ್ನ ಎಂದಿಲ್ಲ, ನನ್ನ ಎಂದಿಲ್ಲ. ಆ ಪದ ಅಲ್ಲಿ ಒಂಟಿಯಾಗಿ ನಿಂತಿತ್ತು. ಅದು ಅವಳ ಪಾಪ ಎಂದು ನನಗೆ ಹೇಳಿಕೊಟ್ಟವರು ಯಾರು? ಗೋಡೆಯ ಆಚೆಯಿಂದ ಬಂದ ದನಿಯೇ ಹೇಳಿಕೊಟ್ಟಿತ್ತು. ಪದ್ಯದ ಜೊತೆ ಅರ್ಥವನ್ನೂ ನುಂಗಿದ್ದೆ.

"ಯಾರದಂತ ಬರದಿಲ್ಲವ್ವಾ" ಎಂದೆ.

ಅವ್ವ ಎಣ್ಣೆಯ ಬಟ್ಟಲು ಸರಿಸಿ ಎದ್ದಳು. "ಮೂವತ್ತ ವರ್ಷ ಎಲಿ ಎತ್ಕೋತ ಕೇಳೇನಿ. ಶಾಸ್ತ್ರಿ ಪ್ರತಿ ವರ್ಷ ಆಕೀ ಪಾಪ ಅಂತಾನ. ನೀರ ಕೊಡೂದು ಯಾವ ದೇಶದಾಗ ಪಾಪ?"

ಮರುದಿನ ಮಂಟಪ ತುಂಬಿತ್ತು. ಕಿತ್ತೂರಿನಿಂದ ಎರಡು ಜೀಪು, ಬೈಲಹೊಂಗಲದಿಂದ ನಾಲ್ಕು ಕಾರು ಬಂದಿದ್ದವು. ಅತಿಥಿಗಳಿಗೆ ಮೊದಲೇ ಊಟ ಹಾಕಿದ್ದರು. ಅವ್ವ ಮತ್ತು ನಮ್ಮ ಕೇರಿಯ ಬಾಯವ್ವ ಚಿಗವ್ವ ಹೊರಗೆ ಎಲೆ ಎತ್ತುತ್ತಿದ್ದರು. ಪೇಪರಿನವನೊಬ್ಬ ನನ್ನ ಫೋಟೋ ತೆಗೆದ. ಕಟ್ಟೆಯ ಮೇಲಿನ ಶಾಸ್ತ್ರಿಗಳು, ಕೆಳಗಿನ ನಾನು ಇಬ್ಬರೂ ಚೌಕಟ್ಟಿನಲ್ಲಿ ಬರಬೇಕೆಂದು ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು ತೆಗೆದ.

ಪದ್ಯ ಓದಿದೆ. ಶಾಸ್ತ್ರಿಗಳು ಕಣ್ಣು ಮುಚ್ಚಿ ಕೇಳಿ ಅರ್ಥ ಶುರು ಮಾಡಿದರು.

"ಮಹಾಜನರೇ, ಇದು ಶಾಪವೇ? ಅಲ್ಲ. ಇದು ಅನುಗ್ರಹ. ಆ ಹೆಣ್ಣು ಹಿಂದಿನ ಕರ್ಮದಿಂದ ಹೀನಕುಲದಲ್ಲಿ ಹುಟ್ಟಿದಳು. ಮುನಿಗೆ ನೀರು ಕೊಟ್ಟು ಅವನ ತಪಸ್ಸಿಗೆ ಭಂಗ ತಂದಳು. ಆದರೂ ಮುನಿ ಕರುಣಾಮಯಿ. ಭಕ್ತರ ಪಾದಧೂಳಿಯಿಂದ ಅವಳ ಪಾಪ ತೊಳೆಯಲಿ ಎಂದು ಅವಳನ್ನು ಹೊಸ್ತಿಲು ಮಾಡಿದ. ಇಂದಿಗೂ ನಾವು ದಾಟುವ ಹೊಸ್ತಿಲು ಅವಳೇ. ನೋಡಿರಿ, ಎಂಥ ಭಾಗ್ಯ! ಅದೇ ಕುಲದ ಮಗಳು ಇವತ್ತು ಇಲ್ಲಿ ಕೂತು ಪುರಾಣ ಓದುತ್ತಿದ್ದಾಳೆ. ಆ ಕಲ್ಲಿಗೆ ಬಿದ್ದ ಪಾದಧೂಳಿಯ ಪುಣ್ಯವೇ ಇದು."

ಮಂದಿ ಚಪ್ಪಾಳೆ ತಟ್ಟಿದರು. ಎಲ್ಲರ ಕಣ್ಣು ನನ್ನ ಮೇಲೆ. ಒಬ್ಬ ಅತಿಥಿ ನನ್ನತ್ತ ನೋಡಿ ಕೈಮುಗಿದು ನಕ್ಕ. ನಾನು ಓದಿದ್ದು, ಬಸ್ಸಿನಲ್ಲಿ ನಿಂತು ಸವದತ್ತಿಗೆ ಹೋಗಿ ಕಲಿತದ್ದು, ಧಾರವಾಡದ ಹಾಸ್ಟೆಲಿನಲ್ಲಿ ಹಸಿದು ಬರೆದದ್ದು, ಅವ್ವನ ಒಡೆದ ಬೆರಳು, ಅಪ್ಪನ ಸಾವು ಎಲ್ಲವೂ ಯಾರದೋ ಕಾಲಿನ ಧೂಳಾಗಿಬಿಟ್ಟಿತು.

"ಮುಂದಿನ ಪದ್ಯ" ಎಂದರು ಶಾಸ್ತ್ರಿಗಳು.

ನಾನು ಓದಲಿಲ್ಲ.

"ಓದವಾ" ಎಂದರು ಗೌಡರು ಕಟ್ಟೆಯ ಪಕ್ಕದಿಂದ.

"ಓದಂಗಿಲ್ರಿ."

ನನ್ನ ಮೈಕು ಚಾಲೂ ಇತ್ತು. ಆ ಮಾತು ಊರಿಗೆಲ್ಲ ಕೇಳಿತು.

"ಪದ್ಯದಾಗ ಪಾಪ ಯಾರದಂತ ಬರದಿಲ್ರಿ. ಆಕಿ ತಪಸ್ಸು ಕೆಡಿಸಿದ್ಲು ಅಂತ ಎಲ್ಲೂ ಇಲ್ಲ. ನೀವ ಹಚ್ಚಿ ಹೇಳಾಕತ್ತೀರಿ. ಮುನಿ ಕುಲಾ ಕೇಳ್ತಾನ. ಆಕಿ ಏನಂದ್ಲು ಅನ್ನೂದ ಇಲ್ಲ. ಅದನ್ನ ಮೊದಲ ಹೇಳ್ರಿ."

ಶಾಸ್ತ್ರಿಗಳ ಮುಖ ಕೆಂಪಾಯಿತು. "ಅರ್ಥ ಮಾಡಲು ಅಧಿಕಾರ ಬೇಕು. ಅಕ್ಷರ ಕಲಿತವರೆಲ್ಲ ಅರ್ಥ ಹೇಳಲಾಗದು."

ಯಾರೋ ರಾಚಯ್ಯಜ್ಜನ ಕಡೆ ತಿರುಗಿದರು. "ಅಜ್ಜಾ, ಹಳೇ ಪ್ರತಿಯಾಗ ಏನೈತಿ? ನೀ ಓದೀದಿ. ನಡಕ ಪದ್ಯಾ ಬಿಟ್ಟೈತೇನು?"

ಅಜ್ಜ ಕತ್ತಿನ ಪಟ್ಟಿಯ ಮೇಲೆ ಕೈ ಇಟ್ಟ. ಗಾಳಿಯಂಥ ದನಿ ಹೊರಟಿತು. "ಇಲ್ಲ. ಬಿಟ್ಟಿಲ್ಲ. ಮೊದಲಿಂದಾನೂ ಆಕೀ ಮಾತ ಇಲ್ಲ." ಅಷ್ಟು ಹೇಳಿ ಕೆಮ್ಮಿದ.

ಆಗ ಅವ್ವ ಬಂದಳು. ಅವಳು ಬಂದದ್ದನ್ನು ನಾನು ನೋಡಲಿಲ್ಲ. ಸಾರಿನ ವಾಸನೆ ಬಂತು. ತಿರುಗಿದರೆ ಪಕ್ಕದಲ್ಲೇ ನಿಂತಿದ್ದಾಳೆ. ಮೊಣಕೈವರೆಗೆ ಎಂಜಲು. ಒಂದು ಅನ್ನದ ಅಗುಳು ಹಣೆಗೆ ಅಂಟಿತ್ತು. ಚಾಪೆಯ ಮೇಲೆ ಕುಳಿತು ಮೈಕನ್ನು ಎರಡೂ ಕೈಯಿಂದ ಹಿಡಿದಳು.

"ನಾ ಲಗಮವ್ವ. ಎಲಿ ಎತ್ತಾಕಿ. ಅರ್ಥಾ ನಾ ಹೇಳ್ತೇನಿ."

"ಏ, ಏಳ್ ಮ್ಯಾಲೆ!" ಗೌಡರು ಕೂಗಿದರು.

ಅವ್ವ ಏಳಲಿಲ್ಲ.

"ಒಬ್ಬಾಕಿ ನೀರ ತರಾಕ ಹೋಗಿದ್ಲು. ದೂರ ಹೋಗಿದ್ಲು. ಹತ್ರದ ಬಾವಿ ನಿಮ್ಮದು. ಹಾದ್ಯಾಗ ಒಬ್ಬಾಂವ ಬಿದ್ದಿದ್ದ. ನೀರ ಕೊಟ್ಲು. ಇಲ್ಲಾಂದ್ರ ಸಾಯ್ತಿದ್ದ. ಅಂವ ಕುಡದಾ, ಜೀವಾ ಬಂತು. ಜೀವಾ ಬಂದ ಮ್ಯಾಲೆ ಜಾತಿ ನೆನಪಾತು. ಸಾಯೂ ಮುಂದ ತಾಯಿ ಆಗಿದ್ಲು, ಬದುಕಿದ ಮ್ಯಾಲೆ ಹೊಲತಿ ಆದ್ಲು. ಪಾಪ ಅಂದ್ರ ಇದು. ಇದು ಅಂವನ ಪಾಪ. ಅದನ್ನ ಆಕೀ ತಲಿ ಮ್ಯಾಲೆ ಹೊರಸ್ಯಾರ. ನಾ ಈ ಬುಟ್ಟಿ ಹೊತ್ತಂಗ ಆಕಿ ಅದನ್ನ ಹೊತ್ಗೊಂಡ ಬಾಗಲದಾಗ ಬಿದ್ದಾಳ. ನೀವು ದಿನಾ ತುಳೀತೀರಿ. ಆಕಿ ಹೆಂಗಸು, ಕಲ್ಲಲ್ಲ."

"ಹಸನಸಾಬಾ! ಮೈಕ್ ಬಂದ್ ಮಾಡೋ!"

ಹಸನಸಾಬ ಕಾಕಾನ ಕೈ ಯಂತ್ರದ ಗುಂಡಿಯ ಮೇಲೆ ಇತ್ತು. ಅವನು ಗೌಡರನ್ನು ನೋಡಿದ. ಅವ್ವನನ್ನು ನೋಡಿದ. ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಬಂದ್ ಮಾಡ ಅಂದೆ!"

"ಆಕೀ ಮಾತ ಮುಗೀಲ್ರಿ ಗೌಡ್ರ. ಆಮ್ಯಾಲೆ ಮಾಡ್ತೇನಿ."

ಗೌಡರ ತಮ್ಮ ಹಾರಿ ಬಂದು ವಾಯರು ಕಿತ್ತ. ಭೋಂಗಾ ಒಮ್ಮೆ ಕಿರುಚಿ ಸತ್ತಿತು. ಇನ್ನಿಬ್ಬರು ಯಂತ್ರವನ್ನು ಎತ್ತಿ ನೆಲಕ್ಕೆ ಬಡಿದರು. ಕಾಕಾ ಅಡ್ಡ ಹೋದ. ಅವನ ಎದೆಗೆ ಒದ್ದರು. ನಾನು ಅವ್ವನ ತೋಳು ಹಿಡಿದೆ. ಅವ್ವ ಎದ್ದು ಎಲೆಯ ಬುಟ್ಟಿಯ ಹತ್ತಿರ ನಡೆದಳು. ಬುಟ್ಟಿ ಎತ್ತುತ್ತಾಳೆ ಎಂದುಕೊಂಡೆ. ಎತ್ತಲಿಲ್ಲ. ಅದನ್ನು ಅಲ್ಲೇ ಬಿಟ್ಟು ಬಾಯವ್ವ ಚಿಗವ್ವನಿಗೆ "ನಡೀ" ಎಂದಳು. ಮೂವರೂ ಮನೆಗೆ ಬಂದೆವು.

ಮರುದಿನ ಬೆಳಿಗ್ಗೆ ಕರೆ ಬಂತು. ಲಗಮವ್ವ ಗುಡಿಗೆ ಬಂದು ಹೊರಗಿನಿಂದ ಹೊಸ್ತಿಲಿಗೆ ಹಣೆ ಹಚ್ಚಿ ತಪ್ಪಾಯಿತು ಎನ್ನಬೇಕು. ನಾನು ಶಾಸ್ತ್ರಿಗಳ ಕಾಲಿಗೆ ಬೀಳಬೇಕು, ದೂರದಿಂದ. ಸುದ್ದಿ ತಂದವನು ಪಂಚಾಯ್ತಿಯ ನೀರು ಬಿಡುವ ನಿಂಗರಾಜ. ಹೇಳುವಾಗ ಅವನು ನಮ್ಮ ಮುಖ ನೋಡಲಿಲ್ಲ.

"ಬರಂಗಿಲ್ಲ ಅಂತ ಹೇಳು" ಎಂದಳು ಅವ್ವ.

"ಯವ್ವಾ, ನಳಾ..." ಎಂದ ಅವನು.

"ಗೊತ್ತೈತಿ. ಬಂದ್ ಮಾಡು ಹೋಗು. ನಿನಗೂ ಹೊಟ್ಟಿ ಐತಿ."

ಅವತ್ತಿನಿಂದ ಕೇರಿಯ ನಳ ಒಣಗಿತು. ಮೋಟರು ಸುಟ್ಟಿದೆ ಎಂದರು. ಅದೇ ಮೋಟರಿನ ನೀರು ಗೌಡರ ಓಣಿಯಲ್ಲಿ ಗಟಾರದ ತನಕ ಹರಿಯುತ್ತಿತ್ತು. ನಾವು ಕಾಲುವೆಗೆ ಹೋದೆವು. ನವಿಲುತೀರ್ಥದಿಂದ ಬರುವ ಮಲಪ್ರಭೆಯ ಕಾಲುವೆ. ಹೋಗಿ ಬರಲು ನಾಲ್ಕು ಕಿಲೋಮೀಟರು. ಎರಡು ಕೊಡ ತಲೆಯ ಮೇಲೆ, ಒಂದು ಸೊಂಟದಲ್ಲಿ. ಎರಡನೆಯ ದಿನ ನನ್ನ ಕತ್ತು ತಿರುಗಲಿಲ್ಲ. ಬಸುರಿ ಶಟ್ಟೆವ್ವ ದಂಡೆಯಲ್ಲಿ ಜಾರಿ ಬಿದ್ದಳು. ಮುದುಕರು ಬಾಯಿ ತೋಯಿಸಿಕೊಂಡು ಮಲಗಿದರು. ಕೇರಿಯಲ್ಲೇ ಕೆಲವರು ನಮಗೆ ಬೈದರು. "ನಿಮ್ಮ ಓದಿನ ಸಲುವಾಗಿ ನಮ್ಮ ಮಕ್ಕಳು ನೀರಿಲ್ಲದ ಸಾಯ್ಬೇಕೇನು?" ಎಂದು ಲಗಮಣ್ಣ ಮಾಮಾ ಬಾಗಿಲಿಗೆ ಬಂದು ಕೂಗಿದ. ಅವ್ವ ತನ್ನ ಒಂದು ಕೊಡ ಎತ್ತಿ ಅವನ ಮುಂದಿಟ್ಟಳು. ಅವನು ಕೊಡ ಒಯ್ಯಲಿಲ್ಲ. ಮರುದಿನ ತನ್ನ ಸೈಕಲ್ಲಿಗೆ ನಾಲ್ಕು ಕ್ಯಾನು ಕಟ್ಟಿಕೊಂಡು ನಮ್ಮ ಜೊತೆ ಕಾಲುವೆಗೆ ಬಂದ.

ಕಾಲೇಜಿನಿಂದ ಫೋನು ಬಂತು. ಸದ್ಯಕ್ಕೆ ಬರಬೇಡಿ ಎಂದರು. ಯಾಕೆ ಎಂದೆ. ತಿಳಿಸುತ್ತೇವೆ ಎಂದರು.

ನಾನು ಸವದತ್ತಿಗೆ ಹೋಗಿ ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಗಟಾರದಲ್ಲಿ ಹರಿಯುವ ನೀರಿನ ಫೋಟೋ, ಒಣ ನಳದ ಫೋಟೋ, ಶಟ್ಟೆವ್ವನ ಊದಿದ ಕಾಲಿನ ಫೋಟೋ. ಪೊಲೀಸ್ ಠಾಣೆಯಲ್ಲಿ ಹಸನಸಾಬ ಕಾಕಾನ ಜೊತೆ ಕುಳಿತೆ. ಅವನ ಎದೆಯ ಎಡಗಡೆ ಕರಿಗಟ್ಟಿತ್ತು. ಯಂತ್ರ ಒಡೆದದ್ದಕ್ಕೆ ಕಂಪ್ಲೇಂಟ್ ಕೊಡು ಎಂದರೆ ಮೊದಲು ಹಿಂದೆ ಸರಿದ. ಹತ್ತು ಹಳ್ಳಿಯ ಬಾಡಿಗೆ ಹೋಗುತ್ತದೆ ಎಂದು ಹೆದರಿಕೆ. ಆಮೇಲೆ ಹೇಳಿದ:

"ತಂಗಿ, ನಾ ಆ ಅಧ್ಯಾಯ ಕೇಳುವಾಗೆಲ್ಲಾ ಆ ಮುನಿನ್ನ ನೆನಸ್ತಿದ್ದೆ. ಎಲ್ಲಿಂದ ನಡಕೋತ ಬಂದಾ, ಎಷ್ಟ ಬಿಸಲು ತಿಂದಾ ಅಂತ. ನಾ ಹಾದ್ಯಾಗ ತಿರುಗಾಂವ ನೋಡು. ಪರಊರಾಗ ನೀರ ಕೇಳಬೇಕಾದ್ರ ಏನಾಗತೈತಿ ನನಗ ಗೊತ್ತು. ಆಕಿನ್ನ ನಾ ಒಂದ ದಿನಾನೂ ನೆನಸಲಿಲ್ಲ. ಇಷ್ಟ ವರ್ಷ ಅಂವ ಕುಡದದ್ದ ಕಂಡೆ, ಆಕಿ ಕೊಟ್ಟದ್ದ ಕಾಣಲಿಲ್ಲ." ಅಷ್ಟು ಹೇಳಿ ಕಾಗದಕ್ಕೆ ಸಹಿ ಹಾಕಿದ.

ಆರನೆಯ ದಿನ ಒಬ್ಬ ಅಧಿಕಾರಿ ಬಂದು ನಳ ತಿರುವಿ ನೋಡಿದ. ಸಂಜೆಗೆ ನೀರು ಬಂತು. ವರದಿಯಲ್ಲಿ 'ತಾಂತ್ರಿಕ ದೋಷ' ಎಂದು ಬರೆದರು. ನಿಂಗರಾಜ ನಮ್ಮ ಮನೆಯ ಮುಂದೆ ಹಾಯ್ದು ಹೋಗುತ್ತ, "ದೋಷ ನಂದೇನೂ ಇಲ್ಲಬೇ ಲಗಮವ್ವಾ" ಎಂದ.

ಆ ನಡುವೆ ಪುರಾಣ ನಿಂತಿರಲಿಲ್ಲ. ಶಾಸ್ತ್ರಿಗಳೇ ಓದಿ ಶಾಸ್ತ್ರಿಗಳೇ ಅರ್ಥ ಹೇಳುತ್ತಿದ್ದರು. ನಮ್ಮ ಕೇರಿಯ ಹದಿನಾಲ್ಕು ಮನೆಯ ಒಬ್ಬ ಹೆಂಗಸೂ ಎಲೆ ಎತ್ತಲು ಹೋಗಲಿಲ್ಲ. ಕಮಿಟಿಯವರು ಬೈಲಹೊಂಗಲದಿಂದ ಕಾಗದದ ತಟ್ಟೆ ತರಿಸಿದರು. ತಟ್ಟೆ ಬದಲಾಯಿತು, ಎಂಜಲು ಬದಲಾಗಲಿಲ್ಲ. ಪುರಾಣ ಮುಗಿಯುವ ಮಂಗಲದ ದಿನ ಸಾವಿರದ ಮೇಲೆ ಮಂದಿ ಉಂಡರು. ತಟ್ಟೆಗಳು ಗುಡಿಯ ಹಿಂದೆ ರಾಶಿ ಬಿದ್ದವು. ಮೂರು ದಿನಕ್ಕೆ ಹುಳ ಬಿದ್ದವು. ವಾಸನೆ ಗರ್ಭಗುಡಿಯ ತನಕ ಹೋಯಿತು. ಬೈಲಹೊಂಗಲದಿಂದ ಟ್ರ್ಯಾಕ್ಟರಿನಲ್ಲಿ ಆಳು ತರಿಸಿದರು. ಬಂದವರೂ ನಮ್ಮವರೇ. ಚಹಾದ ಅಂಗಡಿಯಲ್ಲಿ ವಿಷಯ ಕೇಳಿ ತಿಳಿದುಕೊಂಡರು. ಬಂದ ಟ್ರ್ಯಾಕ್ಟರಿನಲ್ಲೇ ತಿರುಗಿ ಹೋದರು.

ನಾಲ್ಕನೆಯ ದಿನ ಮುಂಜಾನೆ ಅಡಿವೆಪ್ಪಗೌಡರು ನಮ್ಮ ಕೇರಿಗೆ ಬಂದರು. ನಾನು ಹುಟ್ಟಿದ ಮೇಲೆ ಅವರು ಕೇರಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಓಟು ಕೇಳಲು ಬಂದಾಗಲೂ ಮೂಲೆಯ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದರು.

ಅವ್ವ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ಏಳಲಿಲ್ಲ.

"ಬರ್ರಿ ಗೌಡ್ರ. ಕುಂಡ್ರಿ."

ಅವರು ಕೂರಲಿಲ್ಲ. "ಲಗಮವ್ವಾ, ಆದದ್ದ ಆತು. ಮಂದಿ ಮುಂದ ಬ್ಯಾಡ. ಇಲ್ಲೇ ನನ್ನ ಮುಂದ ತಪ್ಪಾತು ಅಂದಬಿಡು. ಕಂಪ್ಲೇಂಟ್ ಹಿಂದ ತಗೋರಿ. ಗುಡಿ ಹಿಂದಿನ ತಟ್ಟಿ ಎತ್ತಾಕ ಪಾಳಿಗೆ ಬರ್ರಿ. ಮಗಳ ನೌಕರಿ ನಾ ನೋಡ್ಕೋತೇನಿ."

"ಏನ ತಪ್ಪಾತು ಅಂತ ಅನ್ಲ್ರಿ?"

"ಅರ್ಥಾ ಹೇಳಿದ್ದು."

"ಸುಳ್ಳ ಹೇಳೀನೇನ್ರಿ?"

ಗೌಡರು ಆಚೀಚೆ ನೋಡಿದರು. ಎಲ್ಲ ಬಾಗಿಲಲ್ಲೂ ಹೆಂಗಸರು ನಿಂತಿದ್ದರು. "ಪುರಾಣಕ್ಕ ಒಂದ ಅರ್ಥಾ ಇರತೈತಿ. ಹಿರೇರಿಂದ ಬಂದದ್ದು. ಮನಸಿಗೆ ಬಂದಂಗ ಹೇಳಾಕ ಬರಂಗಿಲ್ಲ."

"ಒಂದ ಇದ್ರ ಅದನ್ನ ಹೇಳಾಕ ರಾಮದುರ್ಗದಿಂದ ಮನಶ್ಯಾನ್ನ ಯಾಕ ತರಸ್ತೀರಿ? ಕೇಳಿದವರಿಗೆಲ್ಲಾ ತಾನ ತಿಳೀತಿತ್ತಲ್ಲ." ಅವ್ವ ಮೊರದ ಹೊಟ್ಟು ಊದಿದಳು. "ಮನಸಿಗೆ ಬಂದದ್ದು ಹೇಳಿಲ್ರಿ ನಾ. ಮೈಗೆ ಬಂದದ್ದು ಹೇಳೇನಿ. ಪಾಳಿಗೆ ನಾ ಬರಂಗಿಲ್ಲ. ಇನ್ನ ಮ್ಯಾಲೆ ಯಾವ ವರ್ಷಾನೂ ಬರಂಗಿಲ್ಲ. ನೀವ ಉಂಡದ್ದು, ನೀವ ಎತ್ತಿರಿ."

ಗೌಡರು ಒಂದು ಹೆಜ್ಜೆ ಮುಂದಿಟ್ಟರು. ಕೈ ಎತ್ತುತ್ತಾರೆ ಎಂದು ನಾನು ಮುಂದೆ ಬಂದೆ. ಬಾಯವ್ವ ಚಿಗವ್ವನೂ ಬಂದಳು. ಶಟ್ಟೆವ್ವನೂ ಕುಂಟುತ್ತ ಬಂದಳು. ಲಗಮಣ್ಣ ಮಾಮಾ ಸೈಕಲ್ ನಿಲ್ಲಿಸಿ ಇಳಿದ. ಗೌಡರು ಬಂದ ದಾರಿಗೇ ತಿರುಗಿದರು. ಆ ದಿನ ಮಧ್ಯಾಹ್ನ ಅವರ ತಮ್ಮ, ಅಳಿಯ, ಕಮಿಟಿಯ ಐದು ಜನ ಮುಖಕ್ಕೆ ಟವೆಲು ಕಟ್ಟಿಕೊಂಡು ಸಲಿಕೆಯಿಂದ ತಟ್ಟೆ ಬಾಚಿ ಟ್ರ್ಯಾಕ್ಟರಿಗೆ ತುಂಬಿದರು. ಅಳಿಯ ಎರಡು ಸಲ ವಾಂತಿ ಮಾಡಿಕೊಂಡನಂತೆ.

ನನ್ನ ನೌಕರಿ ಮರಳಿ ಬರಲಿಲ್ಲ. ಕೇಸು ನಡೆದಿದೆ. ಹಸನಸಾಬ ಕಾಕಾನನ್ನು ಮೂರು ಊರು ಕೈಬಿಟ್ಟಿವೆ. ನಾನು ಈಗ ಕೇರಿಯ ಹುಡುಗಿಯರಿಗೆ ಸಂಜೆ ಪಾಠ ಹೇಳುತ್ತೇನೆ. ಪಾಠ ಮುಗಿದ ಮೇಲೆ ಹೆಂಗಸರು ಬಂದು ಕೂರುತ್ತಾರೆ. ಆ ಅಧ್ಯಾಯ ಓದು ಎನ್ನುತ್ತಾರೆ. ನನ್ನ ಬಳಿ ಝೆರಾಕ್ಸ್ ಉಳಿದಿತ್ತು. ಓದುತ್ತೇನೆ. ಮೂರನೆಯ ಸಾಲಿಗೆ ಬಂದು ನಿಲ್ಲುತ್ತೇನೆ. ಮುಂದೆ ಏನೂ ಇಲ್ಲದ್ದು ಎಲ್ಲರಿಗೂ ಚುಚ್ಚುತ್ತದೆ.

ಕೊನೆಗೆ ಒಂದು ಮಧ್ಯಾಹ್ನ ನಾನೇ ಬರೆದೆ. ಅವಳ ಉತ್ತರ. ಅದೇ ಷಟ್ಪದಿ, ಅದೇ ಮಾತ್ರೆ. ಅವ್ವನ ಮುಂದೆ ಹಾಡಿದೆ. ನಾಲ್ಕು ಸಾಲು ಕೇಳಿ ತಲೆದೂಗಿದಳು. ಐದನೆಯ ಸಾಲು ಬಂತು: 'ಸೇರಿಸೆನ್ನನು ನಿನ್ನ ಪಾದಕೆ'.

"ತಡಿ. ಅದೇನದು?"

"ಮಾತ್ರೆ ಕೂಡಬೇಕವ್ವಾ. ಪ್ರಾಸಕ್ಕ ರಕಾರ ಬೇಕಾಗಿತ್ತು."

"ಮಾತ್ರಿ ಕೂಡಸಾಕ ಹೋಗಿ ಅಂವನ ಕಾಲಿಗೆ ಬಿದ್ದ್ಯಾ?"

ನನಗೆ ನಾಚಿಕೆಯಾಯಿತು. ನಾನು ಬೀಳಬೇಕೆಂದು ಬಿದ್ದಿರಲಿಲ್ಲ. ಆ ಸಾಲು ತಾನಾಗಿ ಬಂದಿತ್ತು. ಇಪ್ಪತ್ತು ವರ್ಷ ಕೇಳಿದ ಪದ್ಯಗಳೆಲ್ಲ ಕೊನೆಗೆ ಯಾರದೋ ಪಾದಕ್ಕೇ ಹೋಗಿ ಸೇರುತ್ತಿದ್ದವು. ನನ್ನ ಪದ್ಯವೂ ಅದೇ ಹಾದಿ ಹಿಡಿದಿತ್ತು.

"ಮತ್ತ ಏನ ಅನ್ಲಿ?"

"ಕುಡದದ್ದು ಕಾರು ಅನ್ನು. ನಾ ಆಗಿದ್ರ ಅದನ್ನ ಅಂತಿದ್ದೆ."

ಬೆರಳಲ್ಲಿ ಮಾತ್ರೆ ಎಣಿಸಿದೆ. ಕೂಡಿತು. ಪ್ರಾಸವೂ ಕೂಡಿತು. ಅವತ್ತು ಸಂಜೆ ಕೇರಿಯ ಕಟ್ಟೆಯ ಮೇಲೆ ಹಾಡಿದೆ. ಎರಡನೆಯ ಸಲಕ್ಕೆ ಹೆಂಗಸರು ದನಿ ಕೂಡಿಸಿದರು. ಮೂರನೆಯ ಸಲ ನಾನು ಸುಮ್ಮನೆ ಕುಳಿತೆ. ಅವರೇ ಹಾಡಿದರು.

ನೀರ ಕುಡಿವಾಗೆಲ್ಲಿ ಹೋಯಿತು
ಯಾರ ಮಗಳೆಂಬುದರ ಚಿಂತೆಯು
ನೀರಡಿಕೆ ನಿನಗಿತ್ತು ಕೊಟ್ಟೆನು ಕೇಳಲಿಲ್ಲ ಕುಲ
ಮೀರಿ ಶಪಿಸುವೆಯಾದರೆನ್ನನು
ಕಾರಿಕೊಡು ಕುಡಿದಷ್ಟು ನೀರನು
ಊರ ಬಾಯಿಗೆ ನೀರ ಹೊಯ್ದೆನು ಕಲ್ಲು ನಾನಲ್ಲ